ಪುಸ್ತಕದ ನೂರು ಡಿಗ್ರಿ, ಬೀಕರಿನ ತೊಂಬತ್ತೇಳು

ಆರರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ಭೌತ ವಿಜ್ಞಾನವನ್ನು ಹೇಗೆ ಕಲಿಸಬೇಕು ಎಂಬ ವಿಷಯ ಒಂದು ಉಪನ್ಯಾಸದ ಅಳತೆಗೆ ಸಿಗುವಂಥದ್ದಲ್ಲ. ಆದ್ದರಿಂದ ಅದರ ಒಂದೇ ಮಗ್ಗುಲನ್ನು ಹಿಡಿದುಕೊಂಡು ಮಾತನಾಡುತ್ತೇನೆ. ಮಕ್ಕಳು ತಾವೇ ಅಳೆದು ಪಡೆದ ಅಂಕಿಗೂ ಪಠ್ಯಪುಸ್ತಕ ಹೇಳುವ ಅಂಕಿಗೂ ತಾಳೆಯಾಗದಿದ್ದಾಗ ಶಿಕ್ಷಕರಾದ ನಾವು ಏನು ಮಾಡುತ್ತೇವೆ? ಈ ಪ್ರಶ್ನೆ ಚಿಕ್ಕದಾಗಿ ಕಂಡರೂ, ವಿಜ್ಞಾನ ಎಂದರೆ ಏನು ಎಂಬ ಕಲ್ಪನೆ ಮಗುವಿನ ಮನಸ್ಸಿನಲ್ಲಿ ಬೇರೂರುವುದು ಆ ಗಳಿಗೆಯಲ್ಲಿಯೇ ಎಂದು ನಾನು ತಿಳಿದಿದ್ದೇನೆ. ನಾವು ಬಾಯಲ್ಲಿ ಹೇಳುವ ವ್ಯಾಖ್ಯೆಗಳನ್ನು ಮಕ್ಕಳು ಪರೀಕ್ಷೆ ಮುಗಿದೊಡನೆ ಮರೆಯುತ್ತಾರೆ. ತಾವು ಕಂಡದ್ದನ್ನು ಅಳಿಸಿ ಬೇರೆಯದನ್ನು ಬರೆಯಬೇಕಾಗಿ ಬಂದದ್ದನ್ನು ಮಾತ್ರ ಮರೆಯುವುದಿಲ್ಲ.

ನಾವೆಲ್ಲರೂ ಬಲ್ಲ ನೀರು ಕುದಿಸುವ ಪ್ರಯೋಗದಿಂದಲೇ ಆರಂಭಿಸೋಣ. ಒಂದು ಬೀಕರು, ಅರ್ಧದಷ್ಟು ನೀರು, ಸ್ಪಿರಿಟ್ ದೀಪ, ತ್ರಿಪಾದಿ, ತಂತಿಬಲೆ, ಮತ್ತು 110 ಡಿಗ್ರಿಯವರೆಗೆ ಗುರುತುಗಳಿರುವ ಪ್ರಯೋಗಾಲಯದ ಥರ್ಮಾಮೀಟರ್. ದೀಪ ಹಚ್ಚಿದ ಸ್ವಲ್ಪ ಹೊತ್ತಿಗೆ ಬೀಕರಿನ ಒಳಗೋಡೆಗೆ ಸಣ್ಣ ಸಣ್ಣ ಗುಳ್ಳೆಗಳು ಅಂಟಿಕೊಳ್ಳುತ್ತವೆ. ಮುಂದಿನ ಬೆಂಚಿನ ಹುಡುಗ "ಕುದೀತಿದೆ ಸಾರ್" ಎಂದು ಕೂಗುತ್ತಾನೆ. ಅದು ಕುದಿಯುವುದಲ್ಲ, ನೀರಿನಲ್ಲಿ ಕರಗಿದ್ದ ಗಾಳಿ ಹೊರಬರುತ್ತಿದೆ. ಅವನಿಗೆ ಇದನ್ನು ಆಗಲೇ ಹೇಳಬೇಡಿ. ಥರ್ಮಾಮೀಟರ್ ಎಷ್ಟು ತೋರಿಸುತ್ತಿದೆ ಎಂದು ಕೇಳಿ, ಬರೆದುಕೊಳ್ಳಲು ಹೇಳಿ. ಇನ್ನೂ ಕಾದ ಮೇಲೆ ತಳದಲ್ಲಿ ಹುಟ್ಟಿದ ಆವಿಯ ಗುಳ್ಳೆಗಳು ಮೇಲಿನ ತಂಪಾದ ನೀರಿಗೆ ಬರುತ್ತಲೇ ಕುಸಿದುಹೋಗುತ್ತವೆ, ಆಗ ಬೀಕರು ಸಣ್ಣಗೆ ಸದ್ದು ಮಾಡತೊಡಗುತ್ತದೆ. ನೀರು ಪೂರ್ತಿ ಕುದಿಯುವ ಹೊತ್ತಿಗೆ ಆ ಸದ್ದು ಬದಲಾಗುತ್ತದೆ, ಗುಳ್ಳೆಗಳು ಮೇಲ್ಮೈವರೆಗೆ ಬಂದು ಒಡೆಯುತ್ತವೆ, ಥರ್ಮಾಮೀಟರಿನ ಕೆಂಪು ಗೆರೆ ಒಂದು ಕಡೆ ನಿಂತುಬಿಡುತ್ತದೆ. ದೀಪ ಉರಿಯುತ್ತಲೇ ಇದ್ದರೂ, ಐದು ನಿಮಿಷ ಕಾದರೂ, ಗೆರೆ ಮೇಲೇರುವುದಿಲ್ಲ. ಏಳನೆಯ ತರಗತಿಯ ಮಗುವಿಗೆ ಇದು ನಿಜಕ್ಕೂ ಆಶ್ಚರ್ಯದ ಸಂಗತಿ. ಬೆಂಕಿ ಕೊಟ್ಟಷ್ಟೂ ಬಿಸಿ ಏರುತ್ತದೆ ಎಂದು ಅದು ಅಲ್ಲಿಯವರೆಗೆ ನಂಬಿರುತ್ತದೆ.

ಗೆರೆ ನಿಂತದ್ದು ಎಲ್ಲಿ? ನಾವೀಗ ಕುಳಿತಿರುವ ಹಾಸನದಲ್ಲಿ ಅದು ನಿಲ್ಲುವುದು 97ರ ಹತ್ತಿರ. ಪುಸ್ತಕ 100 ಎನ್ನುತ್ತದೆ. ಈ ಹಂತದಲ್ಲಿ ನಮ್ಮ ಬಹುಪಾಲು ತರಗತಿಗಳಲ್ಲಿ ಕೇಳಿಬರುವ ಮಾತು ನಿಮಗೆ ಗೊತ್ತೇ ಇದೆ: "ಥರ್ಮಾಮೀಟರ್ ಹಳೆಯದು, ಸರಿಯಾಗಿ ತೋರಿಸ್ತಿಲ್ಲ, ನೂರು ಅಂತ ಬರ್ಕೊಳ್ಳಿ." ಯಾವ ದುರುದ್ದೇಶವೂ ಇಲ್ಲದೆ, ಅವಧಿ ಮುಗಿಯುವ ಅವಸರದಲ್ಲಿ ಆಡಿದ ಮಾತು ಅದು. ಆದರೆ ಅದರಿಂದ ಮಗು ಕಲಿಯುವುದೇನು? ಉಪಕರಣವನ್ನು ನಂಬಬೇಕಾಗಿಲ್ಲ, ಕಣ್ಣನ್ನು ನಂಬಬೇಕಾಗಿಲ್ಲ, ಉತ್ತರ ಮೊದಲೇ ತೀರ್ಮಾನವಾಗಿದೆ, ಪ್ರಯೋಗವೆನ್ನುವುದು ಆ ಉತ್ತರಕ್ಕೆ ಮಾಡುವ ಒಂದು ಶಾಸ್ತ್ರ. ಇಷ್ಟನ್ನು ಕಲಿತ ಮಗು ಹತ್ತನೆಯ ತರಗತಿಗೆ ಬರುವ ಹೊತ್ತಿಗೆ, ಪ್ರಯೋಗದ ಪುಸ್ತಕದಲ್ಲಿ ವೀಕ್ಷಣೆಯ ಕೋಷ್ಟಕವನ್ನು ಫಲಿತಾಂಶದಿಂದ ಹಿಂದಕ್ಕೆ ತುಂಬುವ ವಿದ್ಯೆಯಲ್ಲಿ ನಿಪುಣವಾಗಿರುತ್ತದೆ. ನಮ್ಮಲ್ಲಿ ಅನೇಕರು ಕಾಲೇಜಿನಲ್ಲಿ ಹಾಗೆಯೇ ತುಂಬಿದವರು.

ಹಾಗಾದರೆ 97 ಬಂದಾಗ ಏನು ಮಾಡಬೇಕು? ಥರ್ಮಾಮೀಟರ್ ತಪ್ಪಿರುವ ಸಾಧ್ಯತೆ ಇದ್ದೇ ಇದೆ. ಅದನ್ನು ತಳ್ಳಿಹಾಕಬಾರದು, ಪರೀಕ್ಷಿಸಬೇಕು. ಹೇಗೆ ಪರೀಕ್ಷಿಸುವುದು ಎಂದು ಮಕ್ಕಳನ್ನೇ ಕೇಳಿದರೆ, ಯಾರಾದರೊಬ್ಬರು ಇನ್ನೊಂದು ಥರ್ಮಾಮೀಟರ್ ಹಾಕಿ ನೋಡೋಣ ಎನ್ನುತ್ತಾರೆ. ಅದು ಒಳ್ಳೆಯ ಸಲಹೆ. ಇನ್ನೊಂದೂ 97 ತೋರಿಸಿದರೆ ಅನುಮಾನ ಸ್ವಲ್ಪ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ, ಏಕೆಂದರೆ ಎರಡೂ ಒಂದೇ ಪೆಟ್ಟಿಗೆಯಲ್ಲಿ ಬಂದವು. ಆಮೇಲೆ ಐಸ್ ತರಿಸಿ. ಹೋಟೆಲಿನ ಫ್ರಿಜ್ಜಿನದಾದರೂ ಸರಿ, ಮೀನಿನ ಅಂಗಡಿಯದಾದರೂ ಸರಿ, ಉಪ್ಪು ಸೋಕಿರಬಾರದು ಅಷ್ಟೇ. ಅದನ್ನು ಪುಡಿಮಾಡಿ, ಸ್ವಲ್ಪ ನೀರು ಸೇರಿಸಿ, ಥರ್ಮಾಮೀಟರಿನ ಬುರುಡೆ ಮುಳುಗುವಂತೆ ಇಟ್ಟು ಕಾಯಬೇಕು. ಸೊನ್ನೆಯನ್ನು ಸರಿಯಾಗಿ ತೋರಿಸಿದ ಥರ್ಮಾಮೀಟರ್ ನೂರರ ಹತ್ತಿರ ಬಂದಾಗ ಮಾತ್ರ ಮೂರು ಡಿಗ್ರಿ ತಪ್ಪುವುದೇಕೆ ಎಂಬ ಪ್ರಶ್ನೆ ಆಗ ತಾನಾಗಿ ಏಳುತ್ತದೆ. ಇದರಿಂದ ಪೂರ್ತಿ ಸಾಬೀತಾಯಿತೆಂದು ನಾನು ಹೇಳುತ್ತಿಲ್ಲ. ಅನುಮಾನವನ್ನು ಥರ್ಮಾಮೀಟರಿನಿಂದ ನೀರಿನ ಕಡೆಗೆ ತಿರುಗಿಸಲು ಇಷ್ಟು ಸಾಕು.

ಮುಂದಿನ ಹೆಜ್ಜೆ ಹಾಸನದ ಶಾಲೆಗಳಿಗೆ ಬಹಳ ಸುಲಭ. ಶಿರಾಡಿ ಘಾಟಿ ಇಳಿದರೆ ಕರಾವಳಿ. ಮಂಗಳೂರಿನ ಯಾವುದಾದರೂ ಶಾಲೆಯ ವಿಜ್ಞಾನ ಶಿಕ್ಷಕರ ಪರಿಚಯ ನಿಮಗಿದ್ದೇ ಇರುತ್ತದೆ. ಅದೇ ವಾರ ಅಲ್ಲಿಯೂ ನೀರು ಕುದಿಸಲು ಹೇಳಿ; ಥರ್ಮಾಮೀಟರಿನ ಸೊನ್ನೆಯನ್ನು ಐಸಿನಲ್ಲಿ ನೋಡಿಕೊಂಡೇ ಕುದಿಸಬೇಕೆಂಬುದನ್ನು ಮರೆಯದೆ ಹೇಳಿ. ಅಲ್ಲಿ ಅದು ನೂರರ ಆಸುಪಾಸಿನಲ್ಲಿ ನಿಲ್ಲುತ್ತದೆ. ಮಡಿಕೇರಿಯಿಂದ 96 ಎಂಬ ಉತ್ತರ ಬರುತ್ತದೆ, ದಾವಣಗೆರೆಯಿಂದ 98. ಈ ಅಂಕಿಗಳನ್ನು ಕಪ್ಪು ಹಲಗೆಯ ಮೇಲೆ ಬರೆದು, ಪಕ್ಕದಲ್ಲಿ ಊರುಗಳ ಎತ್ತರವನ್ನು ಬರೆದರೆ, ಯಾರೂ ಹೇಳಿಕೊಡದೆಯೇ ಮಕ್ಕಳಿಗೆ ಸಂಬಂಧ ಕಾಣುತ್ತದೆ. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಸುಮಾರು 300 ಮೀಟರ್ ಏರಿದರೆ ನೀರಿನ ಕುದಿಬಿಂದು ಒಂದು ಡಿಗ್ರಿಯಷ್ಟು ಇಳಿಯುತ್ತದೆ. ಇಲ್ಲಿ ನಮ್ಮ ತಲೆಯ ಮೇಲಿರುವ ಗಾಳಿಯ ಒತ್ತಡ ಕರಾವಳಿಗಿಂತ ಸರಿಸುಮಾರು ಹತ್ತನೆಯ ಒಂದು ಪಾಲು ಕಡಿಮೆ, ಆದ್ದರಿಂದ ಆವಿಯ ಗುಳ್ಳೆ ಒಳಗಿನಿಂದ ಅರಳಿಕೊಳ್ಳಲು ಅಷ್ಟು ಬಿಸಿ ಬೇಕಾಗುವುದಿಲ್ಲ. ಮುಳ್ಳಯ್ಯನಗಿರಿಯ ನೆತ್ತಿ 1,930 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು ಎಷ್ಟಕ್ಕೆ ಕುದಿಯಬಹುದು ಎಂದು ಕೇಳಿ ನೋಡಿ, ಏಳನೆಯ ತರಗತಿಯವರು ಲೆಕ್ಕ ಹಾಕಿ 94ರ ಹತ್ತಿರ ಎಂದು ಹೇಳುತ್ತಾರೆ. ಪುಸ್ತಕದ ಒಂದು ವಾಕ್ಯವನ್ನು ಬಾಯಿಪಾಠ ಮಾಡಿದ ಮಗುವಿನಿಂದ ಈ ಉತ್ತರ ಬರಲಾರದು.

ಪುಸ್ತಕ ತಪ್ಪು ಎಂದು ಹೇಳಿ ಮಕ್ಕಳಿಂದ ಚಪ್ಪಾಳೆ ಗಿಟ್ಟಿಸಿಕೊಳ್ಳುವ ಆಸೆ ನಮ್ಮಲ್ಲಿ ಕೆಲವರಿಗೆ ಬರುವುದುಂಟು, ಅದಕ್ಕೆ ಎಡೆಕೊಡಬಾರದು. ಪುಸ್ತಕ ಹೇಳುವ ನೂರು ಸಮುದ್ರಮಟ್ಟದ ಒತ್ತಡಕ್ಕೆ ಸರಿ. ಆ ಷರತ್ತನ್ನು ಬಿಟ್ಟು ವಾಕ್ಯವನ್ನು ಮಾತ್ರ ಉಳಿಸಿಕೊಂಡವರು ನಾವು. 1742ರಲ್ಲಿ ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್ ತನ್ನ ಮಾಪಕವನ್ನು ಪ್ರಕಟಿಸಿದಾಗಲೇ ಕುದಿಬಿಂದು ವಾಯುಮಂಡಲದ ಒತ್ತಡದೊಂದಿಗೆ ಬದಲಾಗುತ್ತದೆ ಎಂಬುದನ್ನು ಅಳೆದು ಬರೆದಿದ್ದ. ಆತನ ಮಾಪಕದಲ್ಲಿ ನೀರು ಕುದಿಯುವುದು ಸೊನ್ನೆಯಲ್ಲಿ, ಹೆಪ್ಪುಗಟ್ಟುವುದು ನೂರರಲ್ಲಿ ಇತ್ತು. ಅದನ್ನು ತಿರುಗಿಸಿದ್ದು ಆಮೇಲೆ. ಮಕ್ಕಳಿಗೆ ಈ ಸಂಗತಿಯನ್ನು ಹೇಳಿದರೆ ಸೊನ್ನೆ ಮತ್ತು ನೂರು ಎಂಬವು ನೀರಿನೊಳಗೆ ಅಡಗಿ ಕುಳಿತಿರುವ ಸಂಖ್ಯೆಗಳಲ್ಲ, ಮನುಷ್ಯರು ಕೂಡಿ ಒಪ್ಪಿಕೊಂಡ ಗುರುತುಗಳು ಎಂಬುದು ಬೇಗ ಅರ್ಥವಾಗುತ್ತದೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಏಕೆಂದರೆ ನೀರು ಕುದಿಸಿ ಎತ್ತರ ಅಳೆದ ಒಬ್ಬ ಶಾಲಾ ಮಾಸ್ತರರ ಕಥೆಯನ್ನು ಶಿಕ್ಷಕರ ಸಭೆಯಲ್ಲಿ ಹೇಳದಿರುವುದು ನನ್ನಿಂದಾಗದು. ಕುಮಾವೂನಿನ ಮಿಲಮ್ ಎಂಬ ಹಳ್ಳಿಯ ನೈನ್ ಸಿಂಗ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಟಿಬೆಟ್ಟಿಗೆ ಹೊರಗಿನವರ ಪ್ರವೇಶವಿಲ್ಲದಿದ್ದ 1860ರ ದಶಕದಲ್ಲಿ ಸರ್ವೆ ಇಲಾಖೆ ಅವರಿಗೆ ಡೆಹ್ರಾಡೂನಿನಲ್ಲಿ ತರಬೇತಿ ಕೊಟ್ಟು, ವೇಷ ಮರೆಸಿ ಕಳುಹಿಸಿತು. ಒಂದೇ ಅಳತೆಯ ಹೆಜ್ಜೆಯಿಡುವುದನ್ನು ಅವರು ಅಭ್ಯಾಸ ಮಾಡಿದ್ದರು. ಜಪಮಾಲೆಯಲ್ಲಿ 108ರ ಬದಲು 100 ಮಣಿಗಳಿದ್ದವು, ನೂರು ಹೆಜ್ಜೆಗೆ ಒಂದು ಮಣಿ ಸರಿಸಿ ದೂರವನ್ನು ಎಣಿಸುತ್ತಿದ್ದರು. ಜೊತೆಯಲ್ಲಿ ಬಚ್ಚಿಟ್ಟುಕೊಂಡಿದ್ದ ಥರ್ಮಾಮೀಟರನ್ನು ಕುದಿಯುವ ನೀರಿನಲ್ಲಿ ಅದ್ದಿ, ಅದು ತೋರಿಸಿದ ಅಂಕಿಯಿಂದ ತಾವಿರುವ ಜಾಗದ ಎತ್ತರವನ್ನು ತಿಳಿಯುತ್ತಿದ್ದರು. 1866ರ ಜನವರಿಯಲ್ಲಿ ಅವರು ಲಾಸಾ ಮುಟ್ಟಿದರು. ಲಂಡನ್ನಿನ ರಾಯಲ್ ಜಿಯೋಗ್ರಾಫಿಕಲ್ ಸೊಸೈಟಿ 1877ರಲ್ಲಿ ಅವರಿಗೆ ಚಿನ್ನದ ಪದಕ ನೀಡಿತು. ಆ ಮಾಸ್ತರರು ಥರ್ಮಾಮೀಟರ್ ತೋರಿಸಿದ್ದನ್ನು ಅಳಿಸಿ ನೂರಕ್ಕೆ ತಿದ್ದಿಕೊಂಡಿದ್ದರೆ ಅವರ ಲೆಕ್ಕದಲ್ಲಿ ಲಾಸಾ ಸಮುದ್ರದಂಡೆಯಲ್ಲಿ ಇರುತ್ತಿತ್ತು.

ಕುಕ್ಕರಿನ ಮಾತು ಈ ಪಾಠಕ್ಕೆ ಸಹಜವಾಗಿ ಬಂದು ಸೇರುತ್ತದೆ. ಒತ್ತಡ ಕಡಿಮೆಯಾದಾಗ ಕುದಿಬಿಂದು ಇಳಿದರೆ, ಒತ್ತಡ ಹೆಚ್ಚಿಸಿದಾಗ ಏರಬೇಕಲ್ಲವೇ ಎಂದು ಕೇಳಿ, ಮಕ್ಕಳನ್ನು ಬಿಸಿಯೂಟದ ಅಡುಗೆಕೋಣೆಯ ಬಾಗಿಲವರೆಗೆ ಕರೆದುಕೊಂಡು ಹೋಗಿ. ವಿಸಿಲಿನ ತೂಕ ಒಳಗಿನ ಆವಿಯನ್ನು ತಡೆದಿಟ್ಟಾಗ ಕುಕ್ಕರಿನಲ್ಲಿ ನೀರು ಸುಮಾರು 120 ಡಿಗ್ರಿಯವರೆಗೆ ಏರುತ್ತದೆ, ಬೇಳೆ ಬೇಗ ಬೇಯುತ್ತದೆ. ಇದನ್ನು ನಾನು ಹೆಚ್ಚು ಬೆಳೆಸುವುದಿಲ್ಲ. ಅಡುಗೆಯವರು ನನಗಿಂತ ಚೆನ್ನಾಗಿ ವಿವರಿಸುತ್ತಾರೆ, ಅವರಿಂದಲೇ ಹೇಳಿಸಿ.

ಅಂಕಿ ತಾಳೆಯಾಗದಿರಲು ಪ್ರಕೃತಿಯೇ ಕಾರಣವಾದ ಉದಾಹರಣೆ ಇದಾಯಿತು. ಅಳೆಯುವವರ ಕೈಯಲ್ಲಿಯೇ ತಪ್ಪಿರುವ ಉದಾಹರಣೆಯೂ ಬೇಕು, ಇಲ್ಲದಿದ್ದರೆ ಮಕ್ಕಳು ತಮ್ಮ ಪ್ರತಿಯೊಂದು ಅಂಕಿಯೂ ವೇದವಾಕ್ಯವೆಂದು ತಿಳಿಯುವ ಅಪಾಯವಿದೆ. ಅದಕ್ಕೆ ಲೋಲಕಕ್ಕಿಂತ ಒಳ್ಳೆಯ ಸಾಧನ ಇಲ್ಲ. ಒಂದು ದಾರ, ಒಂದು ಕಲ್ಲು, ಬಾಗಿಲ ಚೌಕಟ್ಟಿನ ಒಂದು ಮೊಳೆ. ಮೊಳೆಯಿಂದ ಕಲ್ಲಿನ ನಡುಮಧ್ಯದವರೆಗೆ ಒಂದು ಮೀಟರ್ ಇರುವಂತೆ ಕಟ್ಟಿದರೆ, ಅದು ಒಮ್ಮೆ ಹೋಗಿ ಮರಳಿ ಬರಲು ಎರಡು ಸೆಕೆಂಡ್ ಹಿಡಿಯುತ್ತದೆ. ಒಂದೇ ಆಂದೋಲನವನ್ನು ಅಳೆಯುವುದು ಕಷ್ಟ, ಆದ್ದರಿಂದ ಇಪ್ಪತ್ತು ಆಂದೋಲನಗಳ ಕಾಲವನ್ನು ಅಳೆದು ಭಾಗಿಸುತ್ತೇವೆ. ಈಗ ಮಕ್ಕಳ ತಂಡಗಳಿಂದ ಬರುವ ಅಂಕಿಗಳನ್ನು ಗಮನಿಸಿ. ಕೆಲವು ತಂಡಗಳು 40 ಸೆಕೆಂಡ್ ಎನ್ನುತ್ತವೆ, ಇನ್ನು ಕೆಲವು 38 ಎನ್ನುತ್ತವೆ. ನಡುವೆ ಹೆಚ್ಚು ಜನ ಇರುವುದಿಲ್ಲ. ಕೈ ನಡುಗಿದ್ದರಿಂದಲೋ ಗಡಿಯಾರ ತಡವಾಗಿ ಒತ್ತಿದ್ದರಿಂದಲೋ ಆದ ವ್ಯತ್ಯಾಸವಾದರೆ ಅಂಕಿಗಳು 40ರ ಎರಡೂ ಕಡೆಗೆ ಚೆದುರಿರಬೇಕಿತ್ತು. ಒಂದೇ ಕಡೆಗೆ, ಅದೂ ಸರಿಯಾಗಿ ಎರಡು ಸೆಕೆಂಡ್ ಕಡಿಮೆ ಏಕೆ?

ಆ ತಂಡದ ಪಕ್ಕದಲ್ಲಿ ನಿಂತು ಸುಮ್ಮನೆ ನೋಡಿ. ಎಣಿಸುವ ಮಗು ಕಲ್ಲನ್ನು ಬಿಡುವಾಗಲೇ "ಒಂದು" ಎನ್ನುತ್ತದೆ. ಅಂದರೆ "ಇಪ್ಪತ್ತು" ಎನ್ನುವ ಹೊತ್ತಿಗೆ ಆಗಿರುವುದು ಹತ್ತೊಂಬತ್ತೇ ಆಂದೋಲನ. ಬಿಡುವಾಗ "ಸೊನ್ನೆ" ಎನ್ನಬೇಕಿತ್ತು. ಇದನ್ನು ನೀವೇ ಹೇಳಿಬಿಟ್ಟರೆ ಎರಡು ನಿಮಿಷದಲ್ಲಿ ಮುಗಿಯುತ್ತದೆ. 38 ಬಂದ ತಂಡವನ್ನು 40 ಬಂದ ತಂಡದ ಮುಂದೆ ಕೂರಿಸಿ, ಪರಸ್ಪರರ ಎಣಿಕೆಯನ್ನು ನೋಡಲು ಬಿಟ್ಟರೆ ಹತ್ತು ನಿಮಿಷ ಹಿಡಿಯುತ್ತದೆ. ಆ ಹತ್ತು ನಿಮಿಷವನ್ನು ಕೊಡಿ ಎಂಬುದು ನನ್ನ ಒತ್ತಾಯ. ತಪ್ಪಿಗೂ ಒಂದು ಆಕಾರವಿರುತ್ತದೆ, ಚೆದುರಿದ ತಪ್ಪು ಬೇರೆ, ಒಂದೇ ಕಡೆಗೆ ವಾಲಿದ ತಪ್ಪು ಬೇರೆ ಎಂಬ ತಿಳಿವಳಿಕೆ ಎಂಜಿನಿಯರಿಂಗ್ ಓದುವವರಲ್ಲಿಯೂ ಅಪರೂಪ. ಹನ್ನೆರಡು ವರ್ಷದ ಮಗು ಅದನ್ನು ದಾರ ಮತ್ತು ಕಲ್ಲಿನಿಂದ ಪಡೆಯಬಲ್ಲದು. ದಾರವನ್ನು 25 ಸೆಂಟಿಮೀಟರಿಗೆ ಇಳಿಸಿದರೆ ಕಾಲ ನಾಲ್ಕನೆಯ ಒಂದು ಪಾಲಾಗುತ್ತದೆಂದು ಮಕ್ಕಳು ಮೊದಲು ಊಹಿಸುತ್ತಾರೆ. ಅರ್ಧಕ್ಕೆ, ಅಂದರೆ ಒಂದು ಸೆಕೆಂಡಿಗೆ ಇಳಿಯುವುದನ್ನು ಕಂಡು ಮತ್ತೆ ಅಳೆಯುತ್ತಾರೆ. ಸೂತ್ರ ಹೈಸ್ಕೂಲಿಗೆ ಇರಲಿ.

ಇನ್ನು ಮೂರನೆಯದು, ಮತ್ತು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಅಪಾಯಕಾರಿಯಾದದ್ದು: ಅಂಕಿ ಪುಸ್ತಕಕ್ಕೆ ಸರಿಯಾಗಿ ಹೊಂದುತ್ತದೆ, ಆದರೆ ನಾವು ಕೊಡುವ ಕಾರಣ ತಪ್ಪು. ಮೇಣದಬತ್ತಿಯ ಪ್ರಯೋಗವನ್ನು ನಿಮ್ಮಲ್ಲಿ ಮಾಡದವರು ಯಾರೂ ಇರಲಾರರು. ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಮೇಣದಬತ್ತಿ, ಮೇಲೆ ಕವುಚಿದ ಗಾಜಿನ ಲೋಟ. ಬತ್ತಿ ಆರುತ್ತದೆ, ಲೋಟದೊಳಗೆ ನೀರು ಏರುತ್ತದೆ, ಏರಿದ್ದು ಸುಮಾರು ಐದನೆಯ ಒಂದು ಪಾಲು. ಆದ್ದರಿಂದ ಗಾಳಿಯಲ್ಲಿ ಐದನೆಯ ಒಂದು ಪಾಲು ಆಮ್ಲಜನಕವಿದೆ ಎಂದು ಪಾಠ ಮುಗಿಸುತ್ತೇವೆ. ಗಾಳಿಯಲ್ಲಿ ಆಮ್ಲಜನಕ ಶೇಕಡಾ 21ರಷ್ಟು ಇರುವುದು ನಿಜ. ಆದರೆ ಈ ಪ್ರಯೋಗ ಅದನ್ನು ತೋರಿಸುವುದಿಲ್ಲ.

ಅದನ್ನು ನೀವೇ ಪರೀಕ್ಷಿಸಬಹುದು. ಒಂದು ಬತ್ತಿಯ ಬದಲು ಮೂರು ಬತ್ತಿಗಳನ್ನು ಒಟ್ಟಿಗೆ ನಿಲ್ಲಿಸಿ ಅದೇ ಲೋಟವನ್ನು ಕವುಚಿ. ನೀರು ಮೊದಲಿಗಿಂತ ಮೇಲೆ ಏರುತ್ತದೆ. ಲೋಟ ಅದೇ, ಅದರೊಳಗಿನ ಆಮ್ಲಜನಕವೂ ಅಷ್ಟೇ. ಬತ್ತಿಗಳ ಸಂಖ್ಯೆ ಹೆಚ್ಚಿದರೆ ಆಮ್ಲಜನಕ ಹೆಚ್ಚುವುದಿಲ್ಲವಲ್ಲ! ಇನ್ನೂ ಹತ್ತಿರದಿಂದ ನೋಡಿದರೆ, ಲೋಟವನ್ನು ಇಳಿಸುವ ಹೊತ್ತಿನಲ್ಲಿ ಅಂಚಿನಿಂದ ಗುಳ್ಳೆಗಳು ಹೊರಬರುವುದು ಕಾಣುತ್ತದೆ, ಮತ್ತು ನೀರು ಹೆಚ್ಚಾಗಿ ಏರುವುದು ಬತ್ತಿ ಉರಿಯುತ್ತಿರುವಾಗ ಅಲ್ಲ, ಆರಿದ ಮೇಲೆ. ಉರಿಯ ಬಿಸಿಗೆ ಹಿಗ್ಗಿದ ಗಾಳಿಯಲ್ಲಿ ಒಂದಿಷ್ಟು ಹೊರಗೆ ಹೋಯಿತು. ಉಳಿದದ್ದು ತಣಿದು ಕುಗ್ಗಿದಾಗ ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಗೆ ತಳ್ಳಿತು. ಬತ್ತಿ ಉರಿದಾಗ ಖರ್ಚಾದ ಆಮ್ಲಜನಕದ ಜಾಗಕ್ಕೆ ಇಂಗಾಲದ ಡೈ ಆಕ್ಸೈಡ್ ಬರುತ್ತದೆ, ಅಲ್ಲದೆ ಲೋಟದ ಆಮ್ಲಜನಕವೆಲ್ಲ ಮುಗಿಯುವ ಮುಂಚೆಯೇ ಬತ್ತಿ ಆರಿಹೋಗುತ್ತದೆ. ಐದನೆಯ ಒಂದು ಪಾಲು ಬಂದದ್ದು ಬಹುಮಟ್ಟಿಗೆ ಕಾಕತಾಳೀಯ. ಉತ್ತರ ಸರಿಬಂದ ಕಾರಣಕ್ಕೆ ಯಾರೂ ಮತ್ತೆ ಪ್ರಶ್ನೆ ಕೇಳಲಿಲ್ಲ, ಪಾಠ ತಲೆಮಾರುಗಳಿಂದ ಹಾಗೆಯೇ ನಡೆದುಬಂತು.

ಹಾಗಾದರೆ ಐದನೆಯ ಒಂದು ಪಾಲನ್ನು ನ್ಯಾಯವಾಗಿ ತೋರಿಸುವುದು ಹೇಗೆ? ಕಬ್ಬಿಣಕ್ಕೆ ತುಕ್ಕು ಹಿಡಿಸಿ. ಪ್ರನಾಳದ ತಳದಲ್ಲಿ ಒದ್ದೆಮಾಡಿದ ಕಬ್ಬಿಣದ ಪುಡಿ ಅಂಟಿಕೊಳ್ಳುವಂತೆ ಮಾಡಿ, ನೀರಿನ ಬಟ್ಟಲಿನಲ್ಲಿ ತಲೆಕೆಳಗಾಗಿ ನಿಲ್ಲಿಸಿ, ಎರಡು ಮೂರು ದಿನ ಬಿಟ್ಟುಬಿಡಿ. ಬೆಂಕಿಯಿಲ್ಲ, ಬಿಸಿಯಿಲ್ಲ, ತುಕ್ಕು ಆಮ್ಲಜನಕವನ್ನು ನಿಧಾನವಾಗಿ ಎಳೆದುಕೊಳ್ಳುತ್ತದೆ, ನೀರು ಸುಮಾರು ಐದನೆಯ ಒಂದು ಪಾಲಿಗೆ ಏರಿ ನಿಲ್ಲುತ್ತದೆ. ಪುಡಿಯ ಪ್ರಮಾಣ ಹೆಚ್ಚಿಸಿದರೂ ಅದಕ್ಕಿಂತ ಮೇಲೇರುವುದಿಲ್ಲ, ಅದೇ ಇದರ ಬಲ. ಒಂದು ಎಚ್ಚರಿಕೆ: ಪಾತ್ರೆ ತಿಕ್ಕುವ ಹೊಳೆಯುವ ನಾರನ್ನು ಬಳಸಬೇಡಿ. ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಸ್ಟೇನ್‌ಲೆಸ್ ಸ್ಟೀಲಿನದು, ವಾರ ಕಳೆದರೂ ತುಕ್ಕು ಹಿಡಿಯುವುದಿಲ್ಲ. ಕಿಟಕಿ, ಗ್ರಿಲ್ ಮಾಡುವ ವರ್ಕ್‌ಶಾಪಿನಲ್ಲಿ ಅರದಿಂದ ಉಜ್ಜಿದ ಕಬ್ಬಿಣದ ಪುಡಿ ನೆಲದ ಮೇಲೆಯೇ ಬಿದ್ದಿರುತ್ತದೆ, ಕೇಳಿದರೆ ಕೊಡುತ್ತಾರೆ.

ಉಪಕರಣಗಳ ಮಾತು ಬಂದದ್ದರಿಂದ ವಿದ್ಯುತ್ ಮಂಡಲದ ಪಾಠವನ್ನೂ ಹೇಳಿಬಿಡುತ್ತೇನೆ. ಒಂದು ಶುಷ್ಕಕೋಶ, ಒಂದು ಬಲ್ಬು, ಒಂದೇ ಒಂದು ತಂತಿ ಕೊಟ್ಟು ಬಲ್ಬು ಹೊತ್ತಿಸಿ ಎಂದರೆ ಬಹಳಷ್ಟು ಮಕ್ಕಳು ಕೋಶದ ಒಂದು ತುದಿಯಿಂದ ಬಲ್ಬಿಗೆ ತಂತಿ ಹಿಡಿದು ಕಾಯುತ್ತಾರೆ; ಗೋಡೆಯ ಸ್ವಿಚ್ಚಿನಿಂದ ಮಾಡಿಗೆ ಹೋಗುವ ಒಂದೇ ಕೊಳವೆಯನ್ನು ನೋಡಿ ಬೆಳೆದವರಿಗೆ ಹಾಗನ್ನಿಸುವುದು ಸಹಜ. ಮಕ್ಕಳು ತರಗತಿಗೆ ಖಾಲಿ ತಲೆಯಲ್ಲಿ ಬರುವುದಿಲ್ಲ, ಲೋಕದ ಬಗ್ಗೆ ತಮ್ಮದೇ ಸಿದ್ಧಾಂತಗಳನ್ನು ಹೊತ್ತು ಬರುತ್ತಾರೆ ಎಂಬುದನ್ನು ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ರೊಸಲಿಂಡ್ ಡ್ರೈವರ್ 1980ರ ದಶಕದಲ್ಲಿ ವಿಸ್ತಾರವಾಗಿ ಅಧ್ಯಯನ ಮಾಡಿದರು. ಆ ಸಿದ್ಧಾಂತವನ್ನು ಕೇಳಿಸಿಕೊಳ್ಳದೆ ಮೇಲಿನಿಂದ ಸರಿಯುತ್ತರ ಸುರಿದರೆ ಅದು ಪರೀಕ್ಷೆಯವರೆಗೆ ಮಾತ್ರ ನಿಲ್ಲುತ್ತದೆ. ಈ ಪಾಠಕ್ಕೆ ಈಗ ಹೊಸ ತೊಡಕೊಂದು ಬಂದಿದೆ. ತಂತುವಿರುವ ಹಳೆಯ ಟಾರ್ಚ್ ಬಲ್ಬು ಅಂಗಡಿಗಳಲ್ಲಿ ಸಿಗುವುದು ಕಷ್ಟವಾಗಿದೆ, ಕೊಡುವುದು ಎಲ್‌ಇಡಿ. ಬಿಳಿ ಎಲ್‌ಇಡಿಗೆ ಸುಮಾರು ಮೂರು ವೋಲ್ಟ್ ಬೇಕು. ಒಂದೂವರೆ ವೋಲ್ಟಿನ ಒಂದು ಕೋಶಕ್ಕೆ ಅದು ಹೊತ್ತುವುದಿಲ್ಲ, ಎರಡು ಕೋಶ ಜೋಡಿಸಿದರೂ ಉದ್ದದ ಕಾಲನ್ನು ಧನ ತುದಿಗೆ ಸೇರಿಸದಿದ್ದರೆ ಹೊತ್ತುವುದಿಲ್ಲ. ಮಂಡಲ ಪೂರ್ಣವಾದರೆ ಬಲ್ಬು ಉರಿಯುತ್ತದೆ ಎಂದು ಓದಿದ ಮಗು ಮಂಡಲವನ್ನು ಪೂರ್ಣಗೊಳಿಸಿಯೂ ಕತ್ತಲಲ್ಲಿ ಕುಳಿತಿರುತ್ತದೆ. ಇದನ್ನು ಮುಚ್ಚಿಡಬೇಡಿ, ಪಾಠದ ಭಾಗವಾಗಿಸಿ. ಸ್ಮಾರ್ಟ್ ಬೋರ್ಡಿನ ಚಿತ್ರದಲ್ಲಿ ತಂತಿ ಎಂದೂ ಸಡಿಲವಾಗುವುದಿಲ್ಲ, ನೀರು ಯಾವ ಊರಿನಲ್ಲಾದರೂ ನೂರಕ್ಕೇ ಕುದಿಯುತ್ತದೆ. ಆ ಕಾರಣಕ್ಕೇ ಅದು ಪ್ರಯೋಗದ ಜಾಗದಲ್ಲಿ ನಿಲ್ಲಲಾರದು ಎಂಬುದು ನನ್ನ ಅಭಿಪ್ರಾಯ.

ಬಲ ಮತ್ತು ಚಲನೆಯ ಪಾಠದಲ್ಲಿ ಮಕ್ಕಳ ಸಿದ್ಧಾಂತ ಇನ್ನೂ ಗಟ್ಟಿ: ತಳ್ಳುತ್ತಿದ್ದರೆ ಚಲನೆ, ತಳ್ಳುವುದು ನಿಂತರೆ ಚಲನೆ ನಿಲ್ಲುತ್ತದೆ. ಘರ್ಷಣೆ ತುಂಬಿದ ನೆಲದ ಮೇಲೆ ಬದುಕುವವರಿಗೆ ಅದು ನಿತ್ಯದ ಅನುಭವ. ಹಾಸನದ ಮಕ್ಕಳಿಗೆ ಕೇಳಲು ಒಂದು ಒಳ್ಳೆಯ ಪ್ರಶ್ನೆ ಊರಿನಲ್ಲಿಯೇ ಇದೆ. ಇಲ್ಲಿನ ಎಂಸಿಎಫ್ (ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ) ಕೇಂದ್ರದಿಂದ ಇಸ್ರೋ 1980ರ ದಶಕದಿಂದಲೂ ಉಪಗ್ರಹಗಳನ್ನು ನಿಯಂತ್ರಿಸುತ್ತಿದೆ. ವರ್ಷಗಟ್ಟಲೆ ಸುತ್ತುವ ಆ ಉಪಗ್ರಹವನ್ನು ತಳ್ಳುತ್ತಿರುವವರು ಯಾರು? ಸ್ಥಾನ ಸರಿಪಡಿಸಲು ಆಗೊಮ್ಮೆ ಈಗೊಮ್ಮೆ ಮಾತ್ರ ಅದರ ಸಣ್ಣ ಎಂಜಿನುಗಳನ್ನು ಉರಿಸುತ್ತಾರೆ, ಉಳಿದ ಹೊತ್ತೆಲ್ಲ ಯಾವ ಎಂಜಿನ್ನೂ ಇಲ್ಲದೆ ಅದು ಸಾಗುತ್ತದೆ. ಈ ಪ್ರಶ್ನೆಗೆ ಎಂಟನೆಯ ತರಗತಿಯಲ್ಲಿ ಪೂರ್ಣ ಉತ್ತರ ಸಿಗಬೇಕಾಗಿಲ್ಲ.

ನೆರಳಿನ ಅಳತೆಗೆ ಉಪಕರಣವೇ ಬೇಡ. ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದ ಒಂದು ಕೋಲು ಸಾಕು. ಮಧ್ಯಾಹ್ನ ಹನ್ನೆರಡಕ್ಕೆ ನೆರಳು ಅತಿ ಚಿಕ್ಕದಾಗಿರುತ್ತದೆ ಎಂದು ನಾವು ಹೇಳುತ್ತೇವೆ. ಆದರೆ ನಮ್ಮ ಗಡಿಯಾರಗಳು ನಡೆಯುವುದು ಪೂರ್ವಕ್ಕೆ ದೂರದಲ್ಲಿರುವ 82.5 ಡಿಗ್ರಿ ರೇಖಾಂಶದ ಕಾಲದಂತೆ, ಹಾಸನ ಇರುವುದು ಸುಮಾರು 76 ಡಿಗ್ರಿಯಲ್ಲಿ. ಅದರ ಜೊತೆಗೆ ವರ್ಷದುದ್ದಕ್ಕೂ ಸೂರ್ಯನ ಓಟ ಗಡಿಯಾರಕ್ಕಿಂತ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಹೀಗಾಗಿ ಇಲ್ಲಿ ಅತಿ ಚಿಕ್ಕ ನೆರಳು ಬೀಳುವುದು ನವೆಂಬರ್ ಮೊದಲ ವಾರದಲ್ಲಿ ಸುಮಾರು 12.10ಕ್ಕೆ, ಫೆಬ್ರವರಿ ನಡುವಿನಲ್ಲಿ 12.40ಕ್ಕೆ. ಊಟದ ಗಂಟೆಯ ಆಸುಪಾಸಿನಲ್ಲಿ ಐದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಕಲ್ಲಿಡುವ ಕೆಲಸವನ್ನು ಇಬ್ಬರು ಮಕ್ಕಳಿಗೆ ವಹಿಸಿದರೆ ಇದೆಲ್ಲ ತಾನಾಗಿ ಹೊರಬೀಳುತ್ತದೆ. ಬೆಂಗಳೂರು, ಹಾಸನ, ಮಂಗಳೂರು ಹೆಚ್ಚು ಕಡಿಮೆ ಒಂದೇ ಅಕ್ಷಾಂಶದಲ್ಲಿರುವುದರಿಂದ ಮೂರೂ ಊರುಗಳಲ್ಲಿ ಕೋಲಿನ ನೆರಳು ಪೂರ್ತಿ ಮಾಯವಾಗುವ ದಿನಗಳು ಒಂದೇ: ಏಪ್ರಿಲ್ 24ರ ಸುಮಾರು, ಮತ್ತೆ ಆಗಸ್ಟ್ 18ರ ಸುಮಾರು. ಏಪ್ರಿಲಿನಲ್ಲಿ ಆಕಾಶ ತಿಳಿಯಾಗಿರುತ್ತದೆ, ಶಾಲೆಗೆ ರಜೆ. ಆಗಸ್ಟಿನಲ್ಲಿ ಶಾಲೆ ಇರುತ್ತದೆ, ಮೋಡವೂ ಇರುತ್ತದೆ. 12.30ರ ಹೊತ್ತಿಗೆ ಐದು ನಿಮಿಷ ಬಿಸಿಲು ಬಿದ್ದರೆ ನಮ್ಮ ಪುಣ್ಯ.

ಇಷ್ಟೆಲ್ಲ ಮಾಡಲು ಸಮಯ ಎಲ್ಲಿದೆ ಎಂದು ನೀವು ಕೇಳುವುದಕ್ಕೆ ಮೊದಲೇ ಒಪ್ಪಿಕೊಳ್ಳುತ್ತೇನೆ: ನಲವತ್ತು ನಿಮಿಷದ ಅವಧಿ, ಕೆಲವು ಕಡೆ ಐವತ್ತು ಮಕ್ಕಳು, ಬೀಗ ಹಾಕಿದ ಬೀರುವಿನಲ್ಲಿ ವಿಜ್ಞಾನದ ಕಿಟ್, ಒಡೆದ ಬೀಕರಿಗೆ ಸ್ಟಾಕ್ ರಿಜಿಸ್ಟರಿನಲ್ಲಿ ಲೆಕ್ಕ. ಎಲ್ಲವೂ ನಿಜ. ಪುಸ್ತಕದ ಪ್ರತಿಯೊಂದು ಚಟುವಟಿಕೆಯನ್ನೂ ಅರೆಬರೆ ಮಾಡುವುದಕ್ಕಿಂತ ವರ್ಷಕ್ಕೆ ಐದಾರನ್ನು ಆರಿಸಿಕೊಂಡು ಕೊನೆಯವರೆಗೆ ಹೋಗುವುದು ಮೇಲು ಎಂದೇ ನಾನು ಹೇಳುತ್ತೇನೆ. ಹಳ್ಳಿಯ ಸರ್ಕಾರಿ ಶಾಲೆಗಳಲ್ಲಿ ಇದು ಸಾಧ್ಯವೇ ಎಂಬ ಅನುಮಾನಕ್ಕೆ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆ (ಈಗಿನ ನರ್ಮದಾಪುರಂ) ಉತ್ತರ ಕೊಟ್ಟಿದೆ. 1972ರಲ್ಲಿ ಅಲ್ಲಿನ 16 ಮಾಧ್ಯಮಿಕ ಶಾಲೆಗಳಲ್ಲಿ ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸ್ವಯಂಸೇವಾ ಸಂಸ್ಥೆಗಳು ಆರಂಭಿಸಿದ ವಿಜ್ಞಾನ ಕಲಿಕೆಯ ಕಾರ್ಯಕ್ರಮ 1978ರಲ್ಲಿ ಇಡೀ ಜಿಲ್ಲೆಗೆ ಹರಡಿತು. 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಅದನ್ನು ಮುಂದುವರಿಸಿತು. ಮಕ್ಕಳು ಚಿಕ್ಕ ಗುಂಪುಗಳಲ್ಲಿ ಪ್ರಯೋಗ ಮಾಡಿ, ತಮ್ಮ ಅಂಕಿಗಳ ಮೇಲೆ ಚರ್ಚಿಸಿ, ತಾವೇ ತೀರ್ಮಾನಕ್ಕೆ ಬರುತ್ತಿದ್ದರು. 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಮೂವತ್ತು ವರ್ಷ ನಡೆದ ಕೆಲಸವನ್ನು ಅಸಾಧ್ಯವೆನ್ನಲು ಬರುವುದಿಲ್ಲ. ಅವರು ಪರೀಕ್ಷೆಯನ್ನೂ ಬದಲಿಸಿದ್ದರು: ಪುಸ್ತಕ ತೆರೆದಿಟ್ಟುಕೊಂಡು ಬರೆಯುವ ಲಿಖಿತ ಪರೀಕ್ಷೆ, ಅದರೊಂದಿಗೆ ಪ್ರಾಯೋಗಿಕ ಪರೀಕ್ಷೆ.

ನಮ್ಮ ಕೈಯಲ್ಲಿ ಅಷ್ಟು ಅಧಿಕಾರವಿಲ್ಲದಿದ್ದರೂ ವರ್ಷದ ನಡುನಡುವೆ ಶಾಲೆಯಲ್ಲಿಯೇ ನಡೆಯುವ ರೂಪಣಾತ್ಮಕ ಮೌಲ್ಯಮಾಪನದ ಪ್ರಶ್ನೆಗಳನ್ನು ಬರೆಯುವವರು ನಾವೇ. "ನೀರು ಎಷ್ಟು ಡಿಗ್ರಿಯಲ್ಲಿ ಕುದಿಯುತ್ತದೆ?" ಎಂಬ ಒಂದು ಅಂಕದ ಪ್ರಶ್ನೆಯ ಬದಲು ಹೀಗೆ ಕೇಳಬಹುದು: ಕಾರವಾರದ ಶಾಲೆಯ ಮಕ್ಕಳಿಗೆ 100, ಮಡಿಕೇರಿಯವರಿಗೆ 96, ಹಾಸನದ ಒಂದು ತಂಡಕ್ಕೆ 97, ಇನ್ನೊಂದು ತಂಡಕ್ಕೆ 91 ಡಿಗ್ರಿ ಬಂದಿದೆ. ಇವುಗಳಲ್ಲಿ ಯಾವ ಅಂಕಿಯನ್ನು ಮತ್ತೆ ಪರೀಕ್ಷಿಸುವಿರಿ, ಏಕೆ, ಹೇಗೆ? ಇದಕ್ಕೆ ನಾಲ್ಕು ಅಂಕ ಇಡಿ. 91ನ್ನು ಗುರುತಿಸಿದ್ದಕ್ಕೆ ಒಂದು. ಒಂದೇ ಊರಿನಲ್ಲಿ ಆರು ಡಿಗ್ರಿ ವ್ಯತ್ಯಾಸ ಬರಲಾರದು ಎಂಬ ಕಾರಣಕ್ಕೆ ಒಂದು. ಐಸಿನಲ್ಲಿ ಪರೀಕ್ಷಿಸುವುದು, ಬುರುಡೆ ನೀರಿನಲ್ಲಿ ಮುಳುಗಿತ್ತೇ, ನೀರು ಪೂರ್ತಿ ಕುದಿಯುವವರೆಗೆ ಕಾದರೇ ಎಂದು ನೋಡುವುದು, ಇಂಥ ಯಾವುದಾದರೂ ಎರಡು ಉಪಾಯಗಳಿಗೆ ಎರಡು. ಯಾವುದಾದರೂ ಮಗು ಕಾರವಾರದ 100ನ್ನೇ ಮತ್ತೆ ಪರೀಕ್ಷಿಸಬೇಕು, ಅವರು ಪುಸ್ತಕ ನೋಡಿ ಬರೆದಿರಬಹುದು ಎಂದು ಉತ್ತರಿಸಿದರೆ ಅದಕ್ಕೂ ಅಂಕ ಕೊಡಿ.